ಕಾಡು ಸೇವಂತಿಗೆ ಬಳಗದ ಗಿಡಗಳ ಕಹಿಯಲ್ಲಿ ಏನಿದೆ?

ನೀವು ಕೇಳಿರುವುದು ಎರಡು ವಿಷಯ: ಡೈಸಿ, ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಕಾಡುಗಿಡಗಳಲ್ಲಿ ಅಷ್ಟೊಂದು ಕಹಿ ಏಕೆ, ಮತ್ತು ಆ ಕಹಿಯಲ್ಲಿ ಔಷಧವಿದೆಯೆಂದು ಕಷಾಯ ಮಾಡಿ ಕುಡಿಯಬಹುದೇ ಎಂದು. ಸಸ್ಯಗಳಿಂದ ರಾಸಾಯನಿಕಗಳನ್ನು ಬೇರ್ಪಡಿಸುವ ಕೆಲಸವನ್ನು ಕೆಲವು ವರ್ಷ ಮಾಡಿದವನಾದ್ದರಿಂದ ಉತ್ತರಿಸುತ್ತಿದ್ದೇನೆ.

ಕಹಿಯ ದೊಡ್ಡ ಪಾಲು ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್‌ಗಳದ್ದು. ಹದಿನೈದು ಇಂಗಾಲದ ಪರಮಾಣುಗಳ ಚೌಕಟ್ಟಿಗೆ ಲ್ಯಾಕ್ಟೋನ್ ಎಂಬ ಆಮ್ಲಜನಕವುಳ್ಳ ಉಂಗುರವೊಂದು ಬೆಸೆದುಕೊಂಡ ಈ ಅಣುಗಳನ್ನು ಅನೇಕ ಗಿಡಗಳು ಎಲೆ, ಹೂಗಳ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ಕೂಡಿಟ್ಟು, ಮೇಯಲು ಬರುವ ಪ್ರಾಣಿ, ಕೀಟಗಳನ್ನು ದೂರವಿಡುತ್ತವೆ. ಹಲವು ಅಣುಗಳಲ್ಲಿ ಆ ಉಂಗುರಕ್ಕೆ ಅಂಟಿಕೊಂಡಂತೆ ಚುರುಕಾದ ದ್ವಿಬಂಧವೊಂದಿದ್ದು, ಅದು ನಮ್ಮ ಪ್ರೋಟೀನುಗಳಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗಂಧಕವನ್ನು ಕಂಡಕೂಡಲೇ ಹಿಡಿದುಕೊಳ್ಳುತ್ತದೆ. ಪಾರ್ಥೇನಿಯಂ ಕಳೆಯ ಪಾರ್ಥೇನಿನ್ ಚರ್ಮಕ್ಕೆ ಅಲರ್ಜಿ ತರುವುದು ಹೀಗೆಯೇ. ಕೈಗವಸು ಮರೆತು ಅದರ ಒಣಪುಡಿಯನ್ನು ಜರಡಿ ಹಿಡಿದ ನನ್ನ ಮುಂಗೈ ನಾಲ್ಕು ದಿನ ಕೆಂಪಗೆ ಊದಿಕೊಂಡಿತ್ತು. ಆದರೆ ಆರ್ನಿಕಾದ ಹೆಲೆನಾಲಿನ್, ಫೀವರ್‌ಫ್ಯೂ ಗಿಡದ ಪಾರ್ಥೆನೊಲೈಡ್ ಉರಿಯೂತದ ಸಂಕೇತಗಳನ್ನು ತಡೆಯುವುದೂ ಇದೇ ದ್ವಿಬಂಧದ ಬಲದಿಂದ. ಸಿಕ್ಕಸಿಕ್ಕ ಪ್ರೋಟೀನನ್ನು ಹಿಡಿಯುವ ಇಂಥ ಅಣುವನ್ನು ಪಳಗಿಸಿ ಮಾತ್ರೆಯಾಗಿಸುವುದು ಸುಲಭವಲ್ಲ, ಪತ್ರಿಕೆಗಳ ತಲೆಬರಹ ಏನೇ ಹೇಳಲಿ.

ಮಲೇರಿಯಾಕ್ಕೆ ಮದ್ದಾದ, ಆರ್ಟಿಮಿಸಿಯ ಗಿಡದ ಆರ್ಟಿಮಿಸಿನಿನ್ ಕೂಡ ಇದೇ ವರ್ಗದ್ದು, ಆದರೆ ಅದರಲ್ಲಿ ಆ ದ್ವಿಬಂಧವಿಲ್ಲ. ಬದಲಿಗೆ ಎರಡು ಆಮ್ಲಜನಕಗಳ ಪೆರಾಕ್ಸೈಡ್ ಸೇತುವೆಯಿದೆ. ರೋಗಾಣು ಹಿಮೋಗ್ಲೋಬಿನನ್ನು ಜೀರ್ಣಿಸಿಕೊಳ್ಳುವಾಗ ಬಿಡುಗಡೆಯಾಗುವ ಹೀಮ್‌ನ ಕಬ್ಬಿಣ ಆ ಸೇತುವೆಯನ್ನು ಮುರಿಯುತ್ತದೆ, ಆಗ ಹುಟ್ಟುವ ಚೂರುಗಳು ರೋಗಾಣುವನ್ನೇ ಕೊಲ್ಲುತ್ತವೆ. 2015ರಲ್ಲಿ ನೊಬೆಲ್ ಪಡೆದ ಚೀನಾದ ತೂ ಯೂಯೂ ಅವರಿಗೆ 1971ರಲ್ಲಿ ದಾರಿ ಸಿಕ್ಕಿದ್ದು, ಬಿಸಿಯಿಂದ ಗುಣ ಕೆಡುತ್ತಿರಬಹುದೆಂದು ಊಹಿಸಿ, ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ಈಥರ್ ಎಂಬ ದ್ರಾವಕದಲ್ಲಿ ಆ ಗಿಡದ ಸಾರ ತೆಗೆದಾಗ. ಈ ಅಣು ನೀರಿನಲ್ಲಿ ಕರಗುವುದೂ ತೀರ ಕಡಿಮೆ. ಎಲೆಯಲ್ಲಿ ಔಷಧವಿದ್ದ ಮಾತ್ರಕ್ಕೆ ಲೋಟದ ಕಷಾಯದಲ್ಲಿ ಅದು ಇರಬೇಕೆಂದಿಲ್ಲ.

ಬಿಸಿ ಯಾವಾಗಲೂ ಕೆಡಿಸುತ್ತದೆ ಎಂದೂ ಅಲ್ಲ. ಕ್ಯಾಮೊಮೈಲ್ ಹೂವಿನಲ್ಲಿರುವ ಮ್ಯಾಟ್ರಿಸಿನ್‌ಗೆ ಬಣ್ಣವಿಲ್ಲ. ಹಬೆಯಲ್ಲಿ ಭಟ್ಟಿ ಇಳಿಸಿದಾಗ ಅದು ಒಡೆದು ಕ್ಯಾಮಜುಲೀನ್ ಆಗುತ್ತದೆ. ಬಿಳಿ, ಹಳದಿ ಹೂ ತುಂಬಿದ ಪಾತ್ರೆಯಿಂದ ಶಾಯಿಯಂಥ ನೀಲಿ ಎಣ್ಣೆ ಹನಿಹನಿಯಾಗಿ ಇಳಿದದ್ದನ್ನು ಮೊದಲ ಸಲ ನೋಡಿದಾಗ, ಉಪಕರಣ ಸರಿಯಾಗಿ ತೊಳೆದಿಲ್ಲವೆಂದೇ ನಾನು ಅಂದುಕೊಂಡಿದ್ದೆ.

ಔಷಧದ ಹೊರಗೂ ಉಪಯೋಗಗಳಿವೆ: ಡೈಸಿಯಂತೆ ಕಾಣುವ ಪೈರೆಥ್ರಮ್ ಹೂವಿನ ಪೈರೆಥ್ರಿನ್‌ಗಳು ಕೀಟಗಳ ನರಮಂಡಲವನ್ನು ಕೆಡಿಸಿ, ಬಿಸಿಲಿನಲ್ಲಿ ಬೇಗ ನಾಶವಾಗುತ್ತವೆ, ಚೆಂಡುಹೂವಿನ ಬೇರಿನ ಟರ್ಥಿಯೆನಿಲ್ ಮಣ್ಣಿನ ಜಂತುಹುಳುಗಳಿಗೆ ವಿಷ.

ಇನ್ನು ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ಇದೇ ಕುಟುಂಬದ ಸೆನೆಸಿಯೊ ಗಿಡಗಳಲ್ಲಿ ಪೈರೊಲಿಝಿಡೀನ್ ಆಲ್ಕಲಾಯ್ಡ್‌ಗಳಿದ್ದು, ಯಕೃತ್ತಿನ ಕಿಣ್ವಗಳೇ ಅವನ್ನು ವಿಷವಾಗಿ ಮಾರ್ಪಡಿಸುತ್ತವೆ. ಹಾನಿ ಕೆಲವೊಮ್ಮೆ ವಾರಗಳ ಬಳಿಕವಷ್ಟೇ ಕಾಣಿಸಿಕೊಳ್ಳುವುದರಿಂದ, ಕುಡಿದ ದಿನ ಏನೂ ಆಗಲಿಲ್ಲವೆಂಬ ಧೈರ್ಯಕ್ಕೆ ಅರ್ಥವಿಲ್ಲ. ಹಳದಿ ಹೂ ಬಿಡುವ ಸೆನೆಸಿಯೊವನ್ನು ಅದರ ನಿರಪಾಯಕಾರಿ ಬಂಧುಗಳಿಂದ ಬೇರೆ ಮಾಡಿ ಗುರುತಿಸುವುದರಲ್ಲಿ ಪಳಗಿದವರೂ ಎಡವುತ್ತಾರೆ.