ಪ್ರತಿ: ಚಾವಸ್‌ಗೆ ವಿಕ್ಟೋರಿಯಾ ಕ್ರಾಸ್ ಬಂದಿದ್ದು 1916ರಲ್ಲೋ 1917ರಲ್ಲೋ?

ಬಹುಶಃ ಎರಡೂ ಸರಿನೇ, ಯಾಕಂದ್ರೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದ ಕ್ಯಾಪ್ಟನ್ ನೋಯೆಲ್ ಚಾವಸ್‌ಗೆ ಅದು (ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ) ಎರಡು ಸಲ ಬಂದಿದೆ, ನಾನೂ ಲೇಖನ ಬರೀವಾಗ ಇಲ್ಲೇ ಎಡವಿದ್ದೆ. ಮೊದ್ಲು ನಿಮ್ಮ ಪೇಜಲ್ಲಿ ಯಾವ ಜಾಗ ಅಂತಿದೆ ನೋಡಿ, ಫ್ರಾನ್ಸಿನ ಗಿಲ್ಮಾಂ ಅಂತಿದ್ರೆ 1916ರ ಆಗಸ್ಟ್, ಬೆಲ್ಜಿಯಂನ ವೀಲ್ಟ್ಯೆ ಅಂತಿದ್ರೆ 1917. ಆಮೇಲೆ ಲಂಡನ್ ಗೆಜೆಟ್ (ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆ) ಸೈಟಲ್ಲಿ 14 ಸೆಪ್ಟೆಂಬರ್ 1917ರ ಸಂಚಿಕೆ ತೆಗೆದು 'ಬಾರ್' ಅನ್ನೋ ಪದ ಹುಡುಕಿ, ಎರಡನೇ ಸಲಕ್ಕೆ ಹೊಸ ಪದಕ ಕೊಡಲ್ಲ, ರಿಬ್ಬನ್ ಮೇಲೆ ಒಂದು ಪಟ್ಟಿ ಅಷ್ಟೆ. ಅಷ್ಟೊತ್ತಿಗೆ ಅವ್ರು ತೀರ್ಕೊಂಡಿದ್ರು, ಆಗಸ್ಟ್ 4ಕ್ಕೇ. ಡಾಕ್ಟರ್ ಮಾರಾಯ್ರೇ ಅವ್ರು, ಗುಂಡಿನ ಮಧ್ಯೆ ಗಾಯಾಳುಗಳನ್ನ ಹುಡುಕಿ ತಂದಿದ್ದಕ್ಕೆ ಎರಡೂ ಬಂದಿದ್ದು! ನೀವು ನೋಡಿದ ಪೇಜಲ್ಲಿ 1915, 'ಹೂಗೆ' (Hooge, ಬೆಲ್ಜಿಯಂನ ಒಂದು ಊರು) ಅಂತ ಇದ್ರೆ ಅದು ಮಿಲಿಟರಿ ಕ್ರಾಸ್ ಇರ್ಬೇಕು, ಬೇರೆ ಪದಕ, ಅದನ್ನ ಬೇರೆ ಸಾಲಲ್ಲಿ ಹಾಕಿ.