ಗೋದಾಮಿನ ಬಾಡಿಗೆ ಮೂರು ಸಾವಿರ, ಕೂಡಿಸಿದರೆ 5,782

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಹತ್ತಿರವಾದಂತೆ ವರ್ಗಾವಣೆಯ ಓಡಾಟವೂ ಶುರುವಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಮನೆ ಸಾಮಾನನ್ನು ತಿಂಗಳ ಬಾಡಿಗೆಗೆ ಇಡುವ ಸೆಲ್ಫ್ ಸ್ಟೋರೇಜ್ ಕೋಣೆಗಳ ಬಗ್ಗೆಯೇ ಇವೆ. ಒಂದೇ ತೆರನಾದವನ್ನು ಸೇರಿಸಿ ಉತ್ತರಿಸಿದ್ದೇವೆ.

ನಾಲ್ಕು ತಿಂಗಳ ಮಟ್ಟಿಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕಾಗಿದೆ. ಹುಬ್ಬಳ್ಳಿಯ ಸ್ಟೋರೇಜಿನವರು ಫೋನಿನಲ್ಲಿ ತಿಂಗಳಿಗೆ 3,000 ರೂಪಾಯಿ ಎಂದಿದ್ದರು. ಈಗ ಕಳುಹಿಸಿದ ಪಟ್ಟಿಯಲ್ಲಿ ಬಾಡಿಗೆಯ ಕೆಳಗೆ ಇನ್ನೂ ಆರು ಸಾಲುಗಳಿವೆ. ಇದೆಲ್ಲ ಕೊಡಲೇಬೇಕೇ? – ಕಾರವಾರ

ನೀವು ಕಳುಹಿಸಿದ ಪಟ್ಟಿಯನ್ನೇ ಕೂಡಿಸಿ ನೋಡೋಣ. ಬಾಡಿಗೆ ನಾಲ್ಕು ತಿಂಗಳಿಗೆ 12,000. ವಿಮೆ ತಿಂಗಳಿಗೆ 300ರಂತೆ 1,200. ನೋಂದಣಿ 1,000. ಸಾಮಾನು ಒಳಗಿಡುವ ಹಮಾಲಿ 2,500, ಹೊರತೆಗೆಯುವುದಕ್ಕೆ ಮತ್ತೆ 2,500. ಬೀಗಕ್ಕೆ 400. ಒಟ್ಟು 19,600. ಅದರ ಮೇಲೆ ಶೇ. 18ರ ಜಿಎಸ್‌ಟಿ 3,528. ಎಲ್ಲ ಸೇರಿ 23,128, ಅಂದರೆ ತಿಂಗಳಿಗೆ 5,782. ಹಿಂತಿರುಗಿ ಬರುವ ಠೇವಣಿ 6,000 ಇದರಲ್ಲಿ ಸೇರಿಲ್ಲ. ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಹೋಗಿ ಬರುವ ಲಾರಿ ಬಾಡಿಗೆಯೂ ಸೇರಿಲ್ಲ.

ಸಾಮಾನು ಇಡುವ ಅವಧಿ ಕಡಿಮೆಯಾದಷ್ಟೂ ಈ ಒಂದು ಸಲದ ಖರ್ಚುಗಳು ಹೆಚ್ಚು ಭಾರ. ನೋಂದಣಿ, ಬೀಗ, ಎರಡು ಹಮಾಲಿ ಸೇರಿ 6,400 ಆಗುತ್ತದೆ. ನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,600, ಒಂದು ವರ್ಷಕ್ಕೆ ಹಂಚಿದರೆ 533 ಮಾತ್ರ. ಆದ್ದರಿಂದ ಎರಡು ಕಡೆಯ ದರ ಹೋಲಿಸುವಾಗ ತಿಂಗಳ ಬಾಡಿಗೆ ಕೇಳಬೇಡಿ. "ಜೂನ್ 1ಕ್ಕೆ ಇಟ್ಟು ಸೆಪ್ಟೆಂಬರ್ 30ಕ್ಕೆ ತೆಗೆದರೆ, ಸಾಮಾನು ನನ್ನ ಲಾರಿಗೆ ಏರುವ ತನಕ ತೆರಿಗೆ ಸಹಿತ ಒಟ್ಟು ಎಷ್ಟು?" ಎಂದು ಕೇಳಿ, ಉತ್ತರವನ್ನು ವಾಟ್ಸ್ಆ್ಯಪಿನಲ್ಲಾದರೂ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಪಟ್ಟಿಯಲ್ಲಿ ಕಾಣದೆ ಕರಾರಿನ ಒಳಪುಟದಲ್ಲಿ ಕೂತಿರುವ ಖರ್ಚುಗಳು ಬೇರೆ. ಮೂರು ಅಥವಾ ಆರು ತಿಂಗಳ ಕನಿಷ್ಠ ಅವಧಿ ಇದ್ದರೆ ಬೇಗ ತೆಗೆದರೂ ಪೂರ್ತಿ ಬಾಡಿಗೆ ಬೀಳುತ್ತದೆ. ಖಾಲಿ ಮಾಡುವ ಮೊದಲು 15 ಅಥವಾ 30 ದಿನದ ನೋಟಿಸ್ ಕೊಡಬೇಕೆಂದಿದ್ದು, ನೀವು ಕೊಡದಿದ್ದರೆ ಅಷ್ಟನ್ನು ಠೇವಣಿಯಲ್ಲಿ ಹಿಡಿಯುತ್ತಾರೆ. ಒಂದು ದಿನ ಮೀರಿದರೂ ಪೂರ್ತಿ ತಿಂಗಳ ಬಾಡಿಗೆ ಹಾಕುವವರಿದ್ದಾರೆ. ನಡುವೆ ಒಂದು ಪೆಟ್ಟಿಗೆ ಬೇಕೆಂದು ಹೋದರೆ ಭೇಟಿ ಶುಲ್ಕ ಇರಬಹುದು. ಬೀಗದ ಕೀಲಿ ನಿಮ್ಮಲ್ಲಿರುವ ಕೋಣೆಗೆ ಇದು ಸಾಮಾನ್ಯವಾಗಿ ಇರುವುದಿಲ್ಲ. ಸಾಮಾನನ್ನು ಅವರೇ ಪ್ಯಾಲೆಟ್ (ಹಲಗೆಯ ಮಣೆ) ಮೇಲೆ ಪೇರಿಸಿ ದೊಡ್ಡ ಗೋದಾಮಿನಲ್ಲಿ ಇಡುವ ಪದ್ಧತಿಯಲ್ಲಿ ಇದ್ದೇ ಇರುತ್ತದೆ, ಏಕೆಂದರೆ ನಿಮ್ಮ ಪೆಟ್ಟಿಗೆ ತೆಗೆಯಲು ಇಬ್ಬರು ಆಳು ಬೇಕು.

ಅಳತೆಯನ್ನೂ ನೋಡಿ. ಕೆಲವರು ನೆಲದ ಚದರ ಅಡಿಗೆ ದರ ಹೇಳುತ್ತಾರೆ, ಕೆಲವರು ಸಾಮಾನಿನ ಘನ ಅಡಿಗೆ. 5 ಅಡಿ ಅಗಲ, 10 ಅಡಿ ಉದ್ದ, 8 ಅಡಿ ಎತ್ತರದ ಕೋಣೆ ನೆಲದ ಲೆಕ್ಕದಲ್ಲಿ 50 ಚದರ ಅಡಿ, ಘನ ಲೆಕ್ಕದಲ್ಲಿ 400. ಮೂರು ಜನ ಕೂರುವ ಸೋಫಾ 6×3×3 ಅಂದರೆ 54 ಘನ ಅಡಿ ತಿನ್ನುತ್ತದೆ. ಅದನ್ನು ಎತ್ತಿ ನಿಲ್ಲಿಸಿದರೆ ನೆಲದ ಲೆಕ್ಕದಲ್ಲಿ ನಿಮಗೆ ಲಾಭ, ಘನದ ಲೆಕ್ಕದಲ್ಲಿ ಏನೂ ಉಳಿಯುವುದಿಲ್ಲ. ಮಂಚ, ಊಟದ ಮೇಜಿನ ಕಾಲು ಬಿಚ್ಚಿದರೆ ಎರಡೂ ಲೆಕ್ಕದಲ್ಲಿ ಉಳಿತಾಯ.

ಜಿಎಸ್‌ಟಿ ಕೇಳುವವರ ರಸೀದಿಯಲ್ಲಿ 15 ಅಂಕಿ–ಅಕ್ಷರಗಳ ನೋಂದಣಿ ಸಂಖ್ಯೆ ಇರಲೇಬೇಕು. ಕರ್ನಾಟಕದ್ದು 29ರಿಂದ, ಗೋವಾದ್ದು 30ರಿಂದ ಶುರುವಾಗುತ್ತದೆ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಇನ್ನೊಂದು ಮಾತು: ವಿಮೆಯ 300 ರೂಪಾಯಿಯಲ್ಲಿ ವಿಮಾ ಕಂಪನಿಯ ಜಿಎಸ್‌ಟಿ ಈಗಾಗಲೇ ಸೇರಿದೆಯೇ ಎಂದು ಕೇಳಿ. ಸೇರಿದ್ದರೆ ಅದರ ಮೇಲೆ ಮತ್ತೆ ಶೇ. 18 ಹಾಕಿದ್ದನ್ನು ಪ್ರಶ್ನಿಸಿ.

ವಿದೇಶಕ್ಕೆ ಹೋಗುವ ಮಗ ಬೆಂಗಳೂರಿನ ಸ್ಟೋರೇಜಿನಲ್ಲಿ ಸಾಮಾನು ಇಡುತ್ತಿದ್ದಾನೆ. "ವಿಮೆ ಕಡ್ಡಾಯ, ಅದೂ ನಮ್ಮದೇ ತೆಗೆದುಕೊಳ್ಳಬೇಕು, 1 ಲಕ್ಷಕ್ಕೆ ತಿಂಗಳಿಗೆ 300" ಎನ್ನುತ್ತಾರಂತೆ. ಕಾನೂನು ಹಾಗಿದೆಯೇ? – ಶಿರಸಿ

ಇಲ್ಲ. ಬೈಕಿಗೆ ಥರ್ಡ್ ಪಾರ್ಟಿ ವಿಮೆ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ. ಗೋದಾಮಿನಲ್ಲಿಟ್ಟ ನಿಮ್ಮ ಮನೆ ಸಾಮಾನಿಗೆ ಅಂಥ ಕಾನೂನಿನ ಕಡ್ಡಾಯವಿಲ್ಲ. ಇಲ್ಲಿ ಕಡ್ಡಾಯ ಎಂದರೆ ಅವರ ಕರಾರಿನ ಶರತ್ತು, ಅಷ್ಟೇ.

ಸಾಮಾನಿಗೆ ಏನಾದರೊಂದು ವಿಮೆ ಇರಲಿ ಎಂಬ ಶರತ್ತನ್ನು ನಾವು ತಪ್ಪೆನ್ನುವುದಿಲ್ಲ. ಪಕ್ಕದ ಕೋಣೆಯಲ್ಲಿ ಬೆಂಕಿ ಹತ್ತಿದರೆ ನಿಮ್ಮದೂ ಹೋಗುತ್ತದೆ, ವಿಮೆ ಬೇಕು. ಆದರೆ ಒಂದು ಸೇವೆ ಪಡೆಯಲು ಇನ್ನೊಂದನ್ನು ತಮ್ಮಿಂದಲೇ ಕೊಳ್ಳಬೇಕೆಂದು ಕಟ್ಟಿಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(41)ನೇ ಕಲಮು ನಿರ್ಬಂಧಕ ವ್ಯಾಪಾರ ಪದ್ಧತಿಯಲ್ಲಿ ಸೇರಿಸುತ್ತದೆ. ಮಗ ಇಮೇಲಿನಲ್ಲಿ ಇಷ್ಟು ಬರೆಯಲಿ: "ಇದೇ ವಿಳಾಸಕ್ಕೆ, ಇಷ್ಟೇ ಮೊತ್ತಕ್ಕೆ ನಾನೇ ಪಾಲಿಸಿ ತಂದರೆ ಒಪ್ಪುತ್ತೀರಾ? ಇಲ್ಲವಾದರೆ ಕಾರಣ ತಿಳಿಸಿ." ಬರವಣಿಗೆಯಲ್ಲಿ ಕೇಳಿದಾಗ ಹಲವರು ಒಪ್ಪುತ್ತಾರೆ.

ದರ ಹೋಲಿಸಲು ಒಂದು ಸುಲಭ ದಾರಿ ಇದೆ. ಬೆಂಕಿ ವಿಮೆಯ ದರವನ್ನು ಕಂಪನಿಗಳು ವರ್ಷಕ್ಕೆ ಸಾವಿರ ರೂಪಾಯಿಗೆ ಇಷ್ಟು ಎಂದು ಹೇಳುತ್ತವೆ. 1 ಲಕ್ಷಕ್ಕೆ ತಿಂಗಳಿಗೆ 300 ಎಂದರೆ ವರ್ಷಕ್ಕೆ 3,600, ಅಂದರೆ ಸಾವಿರಕ್ಕೆ 36. ಶಿರಸಿಯಲ್ಲೇ ಯಾವುದಾದರೂ ಸಾಮಾನ್ಯ ವಿಮಾ ಕಂಪನಿಯ ಕಚೇರಿಗೆ ಹೋಗಿ, "ಬೆಂಗಳೂರಿನ ಈ ಗೋದಾಮಿನಲ್ಲಿರುವ ಮನೆ ಸಾಮಾನಿಗೆ ಬೆಂಕಿ ಮತ್ತು ಕಳ್ಳತನ ಸೇರಿ ಸಾವಿರಕ್ಕೆ ಎಷ್ಟು?" ಎಂದು ಕೇಳಿ. ಎರಡು ಅಂಕಿ ಎದುರಿಗಿಟ್ಟರೆ ವ್ಯತ್ಯಾಸ ತಾನೇ ಕಾಣುತ್ತದೆ.

ಅವರ ವಿಮೆಯನ್ನೇ ತೆಗೆದುಕೊಳ್ಳುವುದಾದರೆ ಮೊದಲು ನೋಡಬೇಕಾದ್ದು ಅದು ನಿಜಕ್ಕೂ ವಿಮೆಯೇ ಎಂಬುದನ್ನು. "ಪ್ರೊಟೆಕ್ಷನ್ ಪ್ಲಾನ್", "ಸುರಕ್ಷಾ ಶುಲ್ಕ" ಎಂಬ ಹೆಸರಿನಲ್ಲಿ ಗೋದಾಮಿನವರು ತಾವೇ ಹಣ ಹಿಡಿದಿಟ್ಟುಕೊಂಡರೆ ಅದು ವಿಮೆಯಲ್ಲ, ಅವರ ಬಾಯಿಮಾತಿನ ಭರವಸೆ. ಅದರ ಹಿಂದೆ ವಿಮಾ ಕಂಪನಿಯೂ ಇಲ್ಲ, ತಗಾದೆಗೆ ವಿಮಾ ಲೋಕಪಾಲರೂ ಇಲ್ಲ. ವಿಮೆಯಾಗಿದ್ದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಮಗನ ಹೆಸರಿರುವ ಪ್ರಮಾಣಪತ್ರ, ಗೋದಾಮಿನ ಪೂರ್ಣ ವಿಳಾಸ, ಅವಧಿ ಎಲ್ಲ ಕೈಗೆ ಸಿಗಬೇಕು. ಪಾಲಿಸಿ ಗೋದಾಮಿನವರ ಹೆಸರಲ್ಲಷ್ಟೇ ಇದ್ದರೆ ಪರಿಹಾರದ ಚೆಕ್ಕೂ ಅವರ ಹೆಸರಿಗೇ ಬರುತ್ತದೆ. ಪ್ರೀಮಿಯಂ ತಲುಪುವ ಮುನ್ನ ವಿಮಾ ಕಂಪನಿ ಹೊಣೆ ಹೊರುವುದಿಲ್ಲ, 1938ರ ವಿಮಾ ಕಾಯ್ದೆಯ 64ವಿಬಿ ಕಲಮು ಹೇಳುವುದೇ ಅದನ್ನು. ಗೋದಾಮಿನವರು ನಿಮ್ಮಿಂದ ಹಣ ಪಡೆದು ಕಂಪನಿಗೆ ಕಟ್ಟದಿದ್ದರೆ ನಷ್ಟವಾದ ದಿನ ಕೈಯಲ್ಲಿ ರಸೀದಿ ಮಾತ್ರ ಉಳಿಯುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಪ್ರೀಮಿಯಂ ಉಳಿಸಲು 4 ಲಕ್ಷದ ಸಾಮಾನನ್ನು 1 ಲಕ್ಷವೆಂದು ಬರೆಸುತ್ತಾರೆ. ಹಾನಿ 80,000 ಆದರೆ ಪೂರ್ತಿ ಸಿಗುತ್ತದೆ ಎಂದುಕೊಳ್ಳುತ್ತಾರೆ. ಪಾಲಿಸಿಯಲ್ಲಿ ಸರಾಸರಿ ಶರತ್ತು ಇದ್ದರೆ ಹಾನಿ ಅಂದಾಜು ಮಾಡುವ ಸರ್ವೇಯರ್ ಹಾಕುವ ಲೆಕ್ಕ ಹೀಗೆ: ಇದ್ದ ಬೆಲೆಯ ಕಾಲು ಭಾಗಕ್ಕೆ ಮಾತ್ರ ವಿಮೆ ಇದೆ, ಹಾಗಾಗಿ ಹಾನಿಯ ಕಾಲು ಭಾಗ, 20,000. ಅದರಲ್ಲಿ ನೀವೇ ಭರಿಸಬೇಕಾದ ಮೊದಲ ಮೊತ್ತ 10,000 ಎಂದಿದ್ದರೆ ಕೈಗೆ ಬರುವುದು 10,000. ಬೆಲೆ ಕಡಿಮೆ ಹೇಳಿದರೆ ವಿಮೆಯೂ ಅದೇ ಪ್ರಮಾಣದಲ್ಲಿ ತುಂಡಾಗುತ್ತದೆ. ಸಾಮಾನಿನ ಪಟ್ಟಿ ಮಾಡಿ; ಫ್ರಿಜ್, ಟಿವಿಯ ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ. ಹಳೆಯ ವಸ್ತುವಿಗೆ ಸವಕಳಿ ಕಳೆದ ಬೆಲೆಯೇ, ಹೊಸದರ ಬೆಲೆಯೇ ಎಂಬುದನ್ನೂ ಓದಿಕೊಳ್ಳಿ.

ಕಳ್ಳತನದ ವಿಮೆಯಲ್ಲಿ ಸಾಮಾನ್ಯವಾಗಿ ಬಲವಂತವಾಗಿ ಒಳನುಗ್ಗಿದ ಗುರುತು ಬೇಕು. ಬೀಗ ಮುರಿದಿರಬೇಕು, ಚಿಲಕ ಬಗ್ಗಿರಬೇಕು. ನಕಲಿ ಕೀಲಿಯಿಂದ ತೆಗೆದು ಮತ್ತೆ ಹಾಕಿದ್ದರೆ ಕ್ಲೇಮ್ ನಿಲ್ಲುವುದಿಲ್ಲ. ಅವರು ಮಾರುವ 400 ರೂಪಾಯಿ ಬೀಗದ ಎರಡನೇ ಕೀಲಿ ಯಾರ ಬಳಿ ಇದೆ ಎಂದು ಕೇಳುವುದು ಅನುಮಾನದ ಮಾತಲ್ಲ. ನಿಮ್ಮದೇ ಬೀಗ ತಂದು ಹಾಕಿ, ಮುಚ್ಚಿದ ಬೀಗದ ಫೋಟೋ ದಿನಾಂಕ ಸಹಿತ ಇಟ್ಟುಕೊಳ್ಳಿ. ಚಿನ್ನ, ನಗದು, ಆಸ್ತಿ ಪತ್ರಗಳನ್ನು ಅಲ್ಲಿಡಬೇಡಿ, ಈ ಪಾಲಿಸಿಗಳು ಅವನ್ನು ಸಾಮಾನ್ಯವಾಗಿ ಹೊರಗಿಡುತ್ತವೆ.

ಮನೆಗೆ ವಿಮೆ ಇದೆ. ಅದೇ ಗೋದಾಮಿನ ಸಾಮಾನಿಗೂ ನಡೆಯುತ್ತದೆಯೇ? – ಹೊನ್ನಾವರ

2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಮನೆಯೊಳಗಿನ ಸಾಮಾನಿಗೂ ರಕ್ಷಣೆ ಕೊಡುತ್ತದೆ. ಆದರೆ ಅದು ಪಾಲಿಸಿಯಲ್ಲಿ ಬರೆದ ವಿಳಾಸಕ್ಕೆ. ಗೋದಾಮಿನ ವಿಳಾಸ ಅದರಲ್ಲಿ ಇಲ್ಲದಿದ್ದರೆ ನಡೆಯುವುದಿಲ್ಲ. ದಾರಿಯ ವಿಮೆಯೂ ಬೇರೆ: ಲಾರಿಯಿಂದ ಇಳಿದಲ್ಲಿಗೆ ಅದು ಮುಗಿಯುತ್ತದೆ. ಇಳಿಸಿದ ದಿನಕ್ಕೂ ಗೋದಾಮಿನ ವಿಮೆ ಶುರುವಾಗುವ ದಿನಕ್ಕೂ ನಡುವೆ ಅಂತರ ಬಿಡಬೇಡಿ.

ಮಳೆಗಾಲ ಕಳೆದು ಕೋಣೆ ತೆರೆದರೆ ಸೋಫಾ, ಗಾದಿ, ಸಾಗವಾನಿ ಕಪಾಟು ಎಲ್ಲಕ್ಕೂ ಬೂಸಲು ಬಂದಿತ್ತು. ಪ್ರತಿ ತಿಂಗಳೂ ಕಡ್ಡಾಯ ವಿಮೆ ಕಟ್ಟಿದ್ದೆ. ಕ್ಲೇಮ್ ತಿರಸ್ಕರಿಸಿದರು. – ಕುಮಟಾ

ನಮ್ಮ ಕರಾವಳಿಯಲ್ಲಿ ಸಾಮಾನಿಗೆ ಅತಿ ಹೆಚ್ಚು ಕಾಡುವ ಹಾನಿ ಇದೇ, ಈ ವಿಮೆಗಳು ಕೈಬಿಡುವ ಹಾನಿಯೂ ಇದೇ. ನೀವು ಕಟ್ಟಿದ್ದು ಬೆಂಕಿ ಮತ್ತಿತರ ಅಪಾಯಗಳ ವಿಮೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಗುಡ್ಡ ಕುಸಿತದಂಥ ಹಠಾತ್ ಘಟನೆಗೆ ಅದು. ತೇವ, ಬೂಸಲು, ತುಕ್ಕು, ಗೆದ್ದಲು, ಇಲಿ ಇವು ನಿಧಾನವಾಗಿ ಆಗುವ ಹಾನಿ ಎಂದು ಹೊರಗಿಡುತ್ತಾರೆ. ನೆರೆ ಮತ್ತು ಗುಡ್ಡ ಕುಸಿತ ಕೂಡ ಪಾಲಿಸಿಯಲ್ಲಿ ಹೆಸರಿಸಿಯೇ ಇರಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆಯವರು ಆ ಎರಡು ಸಾಲು ಓದದೆ ಸಹಿ ಹಾಕಬಾರದು.

ಆದರೂ ನಿಮ್ಮ ಪ್ರಕರಣದಲ್ಲಿ ಒಂದು ವಿಷಯ ವಿಂಗಡಿಸಿ ನೋಡಿ. ಬೂಸಲು ಎಲ್ಲ ಸಾಮಾನಿಗೂ ಒಂದೇ ತೆರನಾಗಿ ತೆಳುವಾಗಿ ಹರಡಿದ್ದರೆ ಅದು ಗಾಳಿಯ ತೇವ. ಒಂದು ಮೂಲೆಯ ಗೋಡೆಯಲ್ಲಿ ನೀರಿಳಿದ ಕಂದು ಗೆರೆ ಇದ್ದು ಅದರ ಬುಡದ ವಸ್ತುವೇ ಹೆಚ್ಚು ಕೆಟ್ಟಿದ್ದರೆ ಅದು ಸೋರಿಕೆ. ಕಪಾಟಿನ ಕಾಲು ಮಾತ್ರ ಎರಡಿಂಚು ಕಪ್ಪಾಗಿದ್ದರೆ ನೀರು ನೆಲದಿಂದ ಬಂದಿದೆ. ಸೋರಿಕೆಯಾದರೆ ಮಾಡು (ಚಾವಣಿ) ಸರಿಯಿಡದ ಗೋದಾಮಿನವರ ಮೇಲೆ ಹೊಣೆ. ಸಾಮಾನ್ಯ ವಿವೇಕದ ಮನುಷ್ಯ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರ ಒಪ್ಪಿಸಿಕೊಂಡವನಿಗೂ ಇರಬೇಕೆಂದು 1872ರ ಕರಾರು ಕಾಯ್ದೆಯ 151ನೇ ಕಲಮು ಹೇಳುತ್ತದೆ. ಬೀಗ ನಿಮ್ಮದು, ನಾವು ಜಾಗ ಮಾತ್ರ ಕೊಟ್ಟೆವು ಎಂದು ಅವರು ವಾದಿಸಬಹುದು. ಆದರೆ ಸೋರದ ಜಾಗ ಕೊಡುವುದೂ ಸೇವೆಯೇ. ಸಾಮಾನು ಸರಿಸುವ ಮುನ್ನ ಗೋಡೆ, ಮಾಡು, ನೆಲದ ಫೋಟೋ ತೆಗೆದು ಆ ದಿನವೇ ಇಮೇಲ್ ಮಾಡಿ.

ಮುಂದಿನ ಸಲ ಇಡುವವರಿಗೆ: ಗಾಳಿಯ ತೇವಾಂಶ ಶೇ. 70 ದಾಟಿ ನಿಂತರೆ ಬೂಸಲು ಹಿಡಿಯಲು ಅಷ್ಟೇ ಸಾಕು, ನಮ್ಮಲ್ಲಿ ಜುಲೈ ತುಂಬ ಅದಕ್ಕಿಂತ ಮೇಲೆಯೇ ಇರುತ್ತದೆ. ಫ್ರಿಜ್ ಎರಡು ದಿನ ಮೊದಲೇ ಆರಿಸಿ, ಒರೆಸಿ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ ಇಟ್ಟು ಓರೆ ತೆರೆದಿಡಿ. ವಾಷಿಂಗ್ ಮಷಿನ್ನಿನ ಕೆಳಗಿನ ಫಿಲ್ಟರ್ ಬಿಚ್ಚಿ ಉಳಿದ ನೀರು ಬಸಿಯಿರಿ. ಮರ ಮತ್ತು ಗಾದಿಗೆ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಬೇಡಿ, ಒಳಗಿನ ತೇವ ಹೊರಬರಲಾರದೆ ಅಲ್ಲೇ ಬೂಸಲಾಗುತ್ತದೆ. ಹಳೆಯ ಹತ್ತಿ ಹೊದಿಕೆ ಸಾಕು. ನೆಲದಿಂದ ನಾಲ್ಕಿಂಚು ಎತ್ತರಕ್ಕೆ ಪ್ಯಾಲೆಟ್, ಗೋಡೆಯಿಂದ ನಾಲ್ಕಿಂಚು ಅಂತರ. ಸಾಧ್ಯವಾದರೆ ಜೋರು ಮಳೆಯ ದಿನವೇ ಕೋಣೆ ನೋಡಲು ಹೋಗಿ. ಬಾಗಿಲು ತೆರೆದಾಗಿನ ವಾಸನೆ ಯಾವ ಜಾಹೀರಾತಿಗಿಂತಲೂ ನಿಜ ಹೇಳುತ್ತದೆ.

ಗ್ಯಾಸ್ ಸಿಲಿಂಡರ್, ಇನ್ವರ್ಟರ್ ಬ್ಯಾಟರಿ ಇಡಬಹುದೇ? – ಅಂಕೋಲಾ

ಬೇಡ. ಖಾಲಿ ಸಿಲಿಂಡರ್ ಕೂಡ ಬೇಡ. ನಿಷೇಧಿತ ವಸ್ತು ಸಿಕ್ಕಿದರೆ ನಿಮ್ಮ ಕ್ಲೇಮ್ ಹೋಗುವುದಷ್ಟೇ ಅಲ್ಲ, ನೆರೆಯ ಕೋಣೆಯವರ ನಷ್ಟವೂ ನಿಮ್ಮ ತಲೆಗೆ ಬರಬಹುದು. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೌಚರ್ ಪಡೆಯಿರಿ. ಹೊಸ ಊರಲ್ಲಿ ಅದೇ ಕಾಗದದಿಂದ ಸಂಪರ್ಕ ಸಿಗುತ್ತದೆ.

ಕರಾರಿನಲ್ಲಿಲ್ಲದ "ಹೊರಹೋಗುವ ಶುಲ್ಕ" 7,000 ಕೇಳಿ, ಕೊಡುವ ತನಕ ಸಾಮಾನು ಬಿಡುವುದಿಲ್ಲ ಎನ್ನುತ್ತಿದ್ದಾರೆ. – ಯಲ್ಲಾಪುರ

ದಿನ ಕಳೆದಷ್ಟೂ ಬಾಡಿಗೆ ಏರುತ್ತದೆ, ಆದ್ದರಿಂದ ಹಟಕ್ಕೆ ಬೀಳಬೇಡಿ. "ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ, ಮರಳಿ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ" ಎಂದು ಇಮೇಲ್ ಮಾಡಿ, ಯುಪಿಐ ಮೂಲಕ ಕಟ್ಟಿ, ರಸೀದಿ ಪಡೆದು ಸಾಮಾನು ಬಿಡಿಸಿಕೊಳ್ಳಿ. ಬಾಕಿಗಾಗಿ ವಸ್ತು ತಡೆಹಿಡಿಯುವ ಸಾಮಾನ್ಯ ಹಕ್ಕನ್ನು ಕರಾರು ಕಾಯ್ದೆಯ 171ನೇ ಕಲಮು ಬ್ಯಾಂಕಿನಂಥ ಕೆಲವರಿಗೆ ಮಾತ್ರ ಕೊಟ್ಟಿದೆ, ಮನೆ ಸಾಮಾನಿನ ಗೋದಾಮಿನವರ ಹೆಸರು ಅಲ್ಲಿಲ್ಲ. ತಡೆಯುವ, ಹರಾಜು ಹಾಕುವ ಅಧಿಕಾರ ಅವರಿಗಿದ್ದರೆ ಅದು ನೀವು ಸಹಿ ಮಾಡಿದ ಕರಾರಿನಿಂದ ಬರಬೇಕು. ಆ ಪುಟ ಮತ್ತೊಮ್ಮೆ ಓದಿ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದರಿಂದ ಇತ್ಯರ್ಥವಾಗದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗ ಇದೆ. ಗೋದಾಮು ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಕರಾರಿನ ಶರತ್ತೇ ಅನ್ಯಾಯದ್ದು ಎಂದು ಪ್ರಶ್ನಿಸುವುದಾದರೆ ಮಾತ್ರ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ತಗಾದೆ ವಿಮಾ ಕಂಪನಿಯ ಮೇಲಿದ್ದರೆ ಮೊದಲು ಅವರಿಗೇ ಲಿಖಿತ ದೂರು, ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಕಾಲಾವಕಾಶ, ಲೋಕಪಾಲರಿಗೆ ವಿಮಾ ಕಂಪನಿ ತಿರಸ್ಕರಿಸಿದಂದಿನಿಂದ ಒಂದು ವರ್ಷ.