ಜರ್ಮನಿಗೆ ಕೆಲಸಕ್ಕೆ ಹೋಗೋರ ಪ್ರಶ್ನೆಗಳು, ಅಕ್ಕನ ಉತ್ತರಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಜರ್ಮನಿ ಬಗ್ಗೇನೇ ಇದಾವೆ, ಅದಕ್ಕೆ ಪೂರ್ತಿ ಜಾಗ ಅದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಅಕ್ಕಾ, ಬರ್ಲಿನ್‌ನ ಒಂದು ಕಂಪನಿಯಿಂದ ವರ್ಷಕ್ಕೆ 60,000 ಯೂರೋ ಆಫರ್ ಬಂದಿದೆ, ಸಾಫ್ಟ್‌ವೇರ್ ಕೆಲಸ. ಹೆಂಡತಿ ಮತ್ತೆ ನಾಲ್ಕು ವರ್ಷದ ಮಗಳು ಇದಾರೆ. ರೂಪಾಯಿಗೆ ಲೆಕ್ಕ ಹಾಕಿದ್ರೆ ತುಂಬಾ ದೊಡ್ಡ ಮೊತ್ತ ಅನ್ಸತ್ತೆ, ಆದ್ರೆ ಅಲ್ಲಿ ಕೈಗೆ ಎಷ್ಟು ಸಿಗತ್ತೆ? ಮೂರೂ ಜನ ಒಟ್ಟಿಗೆ ಹೋಗ್ಬಹುದಾ?

ಮೊದಲು ರೂಪಾಯಿ ಲೆಕ್ಕ ಬಿಟ್ಬಿಡಿ, ಯಾಕಂದ್ರೆ ಖರ್ಚೂ ಯೂರೋದಲ್ಲೇ ಆಗತ್ತೆ. 60,000 ಅನ್ನೋದು ಬ್ರೂಟ್ಟೋ, ಅಂದ್ರೆ ಕಡಿತಕ್ಕೆ ಮುಂಚಿನ ಸಂಬಳ. ಇದರಲ್ಲಿ ಆದಾಯ ತೆರಿಗೆ, ಪೆನ್ಷನ್, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ವಯಸ್ಸಾದವರ ಆರೈಕೆ ವಿಮೆ ಎಲ್ಲಾ ಹೋಗತ್ತೆ. ಒಬ್ಬಂಟಿಯಾಗಿದ್ರೆ ತಿಂಗಳಿಗೆ ಸುಮಾರು 3,100ರಿಂದ 3,200 ಕೈಗೆ ಬರತ್ತೆ. ಹೆಂಡತಿ ಅಲ್ಲಿಗೆ ಬಂದು ಜೊತೆಗಿದ್ದು ಅವರಿಗೆ ಸಂಬಳ ಇಲ್ಲ ಅಂದ್ರೆ ನೀವು ಟ್ಯಾಕ್ಸ್ ಕ್ಲಾಸ್ 3 ತಗೋಬಹುದು, ಆಗ 3,500ರ ಆಸುಪಾಸು. ಸರ್ಕಾರಿ ಆರೋಗ್ಯ ವಿಮೆ ತಗೊಂಡ್ರೆ ದುಡಿಯದೇ ಇರೋ ಹೆಂಡತಿ ಮತ್ತೆ ಮಗು ಹೆಚ್ಚು ದುಡ್ಡು ಕೊಡದೇನೇ ಅದೇ ವಿಮೆಯೊಳಗೆ ಬರ್ತಾರೆ, ಇದು ತುಂಬಾ ದೊಡ್ಡ ಅನುಕೂಲ. ಮಗುವಿಗೆ ಕಿಂಡರ್‌ಗೆಲ್ಡ್ ಅಂತ ಸರ್ಕಾರ ತಿಂಗಳಿಗೆ ದುಡ್ಡು ಕೊಡತ್ತೆ, 2025ರಲ್ಲಿ ಅದು 255 ಯೂರೋ ಇತ್ತು. ಬರ್ಲಿನ್‌ನಲ್ಲಿ ಕೀಟಾಗೆ, ಅಂದ್ರೆ ಚಿಕ್ಕಮಕ್ಕಳ ಶಾಲೆಗೆ ಫೀಸ್ ಇಲ್ಲ, ಊಟಕ್ಕೆ ಮಾತ್ರ ಸ್ವಲ್ಪ ಕೊಡಬೇಕು. ಆದ್ರೆ ಸೀಟ್ ಹುಡುಕೋದು ನಿಮ್ಮ ಕೆಲಸ, ಕಾಯಬೇಕಾಗ್ಬಹುದು.

ಇಷ್ಟು ಕೇಳಿದ್ರೆ ಆರಾಮ ಅನ್ಸತ್ತೆ ಅಲ್ವಾ, ನಿಜವಾದ ಕಷ್ಟ ಇರೋದು ಮನೆ ಹುಡುಕೋದ್ರಲ್ಲಿ. ಬರ್ಲಿನ್, ಮ್ಯೂನಿಕ್, ಫ್ರಾಂಕ್‌ಫರ್ಟ್, ಹ್ಯಾಂಬರ್ಗ್ ಎಲ್ಲಾ ಕಡೆ ಒಂದೊಂದು ಮನೆಗೆ ನೂರಾರು ಜನ ಅರ್ಜಿ ಹಾಕಿರ್ತಾರೆ, ಹೊಸದಾಗಿ ಬಂದವರ ಹತ್ರ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಇರಲ್ಲ, ಶುಫಾ ಅನ್ನೋ ಕ್ರೆಡಿಟ್ ರಿಪೋರ್ಟ್‌ನಲ್ಲಿ ಏನೂ ಇರಲ್ಲ, ಹಾಗಾಗಿ ಓನರ್ ನಿಮ್ಮ ಅರ್ಜಿ ನೋಡೋದೇ ಕಡಿಮೆ. ಜಾಹೀರಾತಲ್ಲಿ ಎರಡು ರೂಮ್ ಅಂತ ಇದ್ರೆ ಹಾಲ್ ಸೇರಿ ಎರಡು ಅಂತ ಅರ್ಥ. ಕಾಲ್ಟ್ ಅಂತ ಬರೆದಿರೋದು ಬರೀ ಬಾಡಿಗೆ, ವಾರ್ಮ್ ಅಂತ ಇರೋದು ಹೀಟಿಂಗ್, ನೀರು, ಕಸ ಎಲ್ಲಾ ಸೇರಿ, ಅದರ ಮೇಲೆ ಕರೆಂಟ್ ಮತ್ತೆ ಇಂಟರ್ನೆಟ್ ಬೇರೆ. ಬರ್ಲಿನ್‌ನಲ್ಲಿ ಇವತ್ತು ಹೊಸದಾಗಿ ಹಿಡಿಯೋ ಎರಡು ರೂಮ್ ಮನೆಗೆ 1,200ರಿಂದ 1,600 ಯೂರೋ ಇಟ್ಕೊಂಡಿರಿ, ಒಳ್ಳೆ ಏರಿಯಾ ಆದ್ರೆ ಇನ್ನೂ ಜಾಸ್ತಿ. ತುಂಬಾ ಮನೆಗಳಲ್ಲಿ ಅಡುಗೆಮನೆ ಖಾಲಿ ಇರತ್ತೆ, ಸಿಂಕ್, ಒಲೆ, ಕಪಾಟು ಎಲ್ಲಾ ನೀವೇ ಹಾಕಿಸ್ಕೋಬೇಕು. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಅದನ್ನೂ ಮೂರು ಕಂತಲ್ಲಿ ಕೊಡೋ ಹಕ್ಕು ಕಾನೂನಲ್ಲೇ ಇದೆ. ಮನೆ ನೋಡದೆ ಒಂದು ಯೂರೋ ಕೂಡ ಕಳಿಸ್ಬೇಡಿ, ದಯವಿಟ್ಟು. ನಾನು ಬೇರೆ ದೇಶದಲ್ಲಿದೀನಿ, ದುಡ್ಡು ಹಾಕಿ, ಕೀ ಪೋಸ್ಟಲ್ಲಿ ಕಳಿಸ್ತೀನಿ ಅಂತ ಯಾರಾದ್ರೂ ಬರೆದ್ರೆ ಅದು ಮೋಸಾನೇ.

ಮನೆ ಯಾಕೆ ಇಷ್ಟು ಮುಖ್ಯ ಅಂದ್ರೆ ಮಿಕ್ಕಿದ್ದೆಲ್ಲಾ ಅದರ ಮೇಲೆ ನಿಂತಿರತ್ತೆ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸ್ಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅಂತಾರೆ, ಅದಕ್ಕೆ ಓನರ್ ಸಹಿ ಮಾಡಿದ ಪತ್ರ ಬೇಕು. ನೋಂದಣಿ ಆದ್ಮೇಲೇ 11 ಅಂಕಿಯ ತೆರಿಗೆ ನಂಬರ್ ಪೋಸ್ಟಲ್ಲಿ ಬರೋದು, ಅದು ಇಲ್ದಿದ್ರೆ ಸಂಬಳದಲ್ಲಿ ತೆರಿಗೆ ಜಾಸ್ತಿ ಹಿಡಿಯೋ ಸಾಧ್ಯತೆ ಇದೆ. ವೀಸಾವನ್ನ ಬ್ಲೂ ಕಾರ್ಡ್‌ಗೆ, ಅಂದ್ರೆ ಓದಿರೋ ವಿದೇಶಿ ಕೆಲಸಗಾರರಿಗೆ ಕೊಡೋ ವಾಸದ ಪರವಾನಗಿಗೆ ಬದಲಾಯಿಸೋದು, ಕೀಟಾ ಸೀಟ್‌ಗೆ ಅರ್ಜಿ, ಎಲ್ಲದಕ್ಕೂ ಆ ನೋಂದಣಿ ಕಾಗದ ಕೇಳ್ತಾರೆ. ಕೆಲವು ತಾತ್ಕಾಲಿಕ ಮನೆಗಳಲ್ಲಿ ನೋಂದಣಿ ಮಾಡಿಸಲ್ಲ ಅಂತಾರೆ, ಬುಕ್ ಮಾಡೋ ಮುಂಚೆ ಬರವಣಿಗೆಯಲ್ಲಿ ಕೇಳ್ಕೊಳ್ಳಿ.

ಅದಕ್ಕೇ ನನ್ನ ಸಲಹೆ, ನೀವು ಮೊದಲು ಹೋಗಿ, ಅವರಿಬ್ಬರೂ ಮನೆ ಸಿಕ್ಕಿದ್ಮೇಲೆ ಬರಲಿ. ಕಾನೂನು ಪ್ರಕಾರ ಒಟ್ಟಿಗೆ ಹೋಗ್ಬಹುದು. ನಿಮ್ಮ ಸಂಬಳ ಬ್ಲೂ ಕಾರ್ಡ್ ಮಿತಿ ದಾಟತ್ತೆ, 2025ರಲ್ಲಿ ಅದು 48,300 ಇತ್ತು, ಪ್ರತಿ ವರ್ಷ ಬದಲಾಗತ್ತೆ, ಮತ್ತೆ ಬ್ಲೂ ಕಾರ್ಡ್ ಇರೋರ ಹೆಂಡತಿಗೆ ಜರ್ಮನ್ ಪರೀಕ್ಷೆ ಕಡ್ಡಾಯ ಅಲ್ಲ, ಬಂದ ದಿನದಿಂದ ಯಾವ ಕೆಲಸ ಬೇಕಾದ್ರೂ ಮಾಡಬಹುದು. ಆದ್ರೆ ಚಿಕ್ಕ ಮಗೂನ ಕರ್ಕೊಂಡು ತಿಂಗಳಿಗೊಂದು ಮನೆ ಬದಲಾಯಿಸೋದು ಬೇಡ. ಹೋಗೋ ಮುಂಚೆ ಇಬ್ಬರೂ ಜರ್ಮನ್ ಕ್ಲಾಸ್‌ಗೆ ಸೇರ್ಕೊಳ್ಳಿ. ಆಫೀಸಲ್ಲಿ ಇಂಗ್ಲಿಷ್ ಸಾಕು ಅಂತ ಕಂಪನಿಯವರು ಹೇಳೋದು ನಿಜ, ಆದ್ರೆ ಮನೆ ಓನರ್, ಕೀಟಾ ಟೀಚರ್, ಸರ್ಕಾರಿ ಆಫೀಸು, ಪೋಸ್ಟಲ್ಲಿ ಬರೋ ಪತ್ರಗಳು, ಇವೆಲ್ಲಾ ಜರ್ಮನ್‌ನಲ್ಲೇ. ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಹೀಗೆ ಮೇಲಕ್ಕೆ ಹೋಗ್ತಾವೆ. ಬಿ1 ಮಟ್ಟ ಇದ್ರೆ ಬ್ಲೂ ಕಾರ್ಡ್‌ನಲ್ಲಿ 21 ತಿಂಗಳಿಗೇ ಪಿಆರ್‌ಗೆ, ಅಂದ್ರೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಎ1 ಮಾತ್ರ ಇದ್ರೆ 27 ತಿಂಗಳು.

ಪ್ರಶ್ನೆ: ಬಿ.ಎಸ್ಸಿ ನರ್ಸಿಂಗ್ ಮಾಡಿದೀನಿ ಅಕ್ಕಾ, ನಾಲ್ಕು ವರ್ಷ ಐಸಿಯು ಅನುಭವ ಇದೆ. ಒಬ್ಬ ಏಜೆಂಟ್ 4 ಲಕ್ಷ ಕೊಟ್ರೆ ಆರು ತಿಂಗಳಲ್ಲಿ ಜರ್ಮನಿಯಲ್ಲಿ ನರ್ಸ್ ಕೆಲಸ, ಭಾಷೆ ಎ2 ಸಾಕು ಅಂತಿದಾರೆ. ಅಪ್ಪ ಸಾಲ ಮಾಡೋಕೆ ಹೊರಟಿದಾರೆ.

ಅಪ್ಪನಿಗೆ ಇವತ್ತೇ ಬೇಡ ಅಂತ ಹೇಳಿ ತಂಗಿ. ಜರ್ಮನಿಗೆ ನರ್ಸ್‌ಗಳು ನಿಜವಾಗ್ಲೂ ಬೇಕು, ಅದಕ್ಕೇ ಒಳ್ಳೆ ಆಸ್ಪತ್ರೆಗಳು ಭಾಷೆ ಕ್ಲಾಸ್, ಟಿಕೆಟ್, ಡಾಕ್ಯುಮೆಂಟ್ ಖರ್ಚು ತಾವೇ ಕೊಟ್ಟು ಕರ್ಕೊಳ್ತಾರೆ. ಭಾರತದ ನಿಯಮದಲ್ಲಿ ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತೆ ಅದರ ಜಿಎಸ್‌ಟಿ ಬಿಟ್ಟು ಜಾಸ್ತಿ ಸೇವಾ ಶುಲ್ಕ ತಗೊಳ್ಳೋ ಹಾಗಿಲ್ಲ, ಅವರ ಲೈಸೆನ್ಸ್ ಇದೆಯಾ ಅಂತ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಡಬಹುದು. 4 ಲಕ್ಷ ಕೇಳೋ ಮನುಷ್ಯನ ಜೊತೆ ಮಾತು ಮುಂದುವರಿಸೋದೇ ಬೇಡ.

ಎ2 ಇಂದ ನರ್ಸ್ ಆಗೋಕೆ ಆಗಲ್ಲ. ನಿಮ್ಮ ಡಿಗ್ರಿಗೆ ಅಲ್ಲಿ ಮಾನ್ಯತೆ ಸಿಗಬೇಕು, ನರ್ಸ್ ಅಂತ ಲೈಸೆನ್ಸ್ ಸಿಗೋಕೆ ಸಾಮಾನ್ಯವಾಗಿ ಬಿ2 ಕೇಳ್ತಾರೆ. ಶೂನ್ಯದಿಂದ ಶುರು ಮಾಡಿದ್ರೆ ಬಿ2ಗೆ ಒಂದು ವರ್ಷ ಆದ್ರೂ ಬೇಕು ಅನ್ಕೊಳ್ಳಿ, ಅದೂ ಪೂರ್ತಿ ಗಮನ ಕೊಟ್ಟು ಓದಿದ್ರೆ. ನಿಮ್ಮ ಸಿಲೆಬಸ್‌ಗೂ ಅವರದಕ್ಕೂ ವ್ಯತ್ಯಾಸ ಇದ್ರೆ ಅಲ್ಲಿ ಹೋಗಿ ಟ್ರೇನಿಂಗ್ ಅಥವಾ ಪರೀಕ್ಷೆ ಮುಗಿಸ್ಬೇಕು, ಅಲ್ಲೀವರೆಗೂ ಸಹಾಯಕಿ ಹುದ್ದೆ, ಸಹಾಯಕಿ ಸಂಬಳ. ಕಾಂಟ್ರ್ಯಾಕ್ಟ್‌ನಲ್ಲಿ ಇಷ್ಟು ವರ್ಷದೊಳಗೆ ಬಿಟ್ರೆ ಇಷ್ಟು ಯೂರೋ ವಾಪಸ್ ಕೊಡಬೇಕು ಅನ್ನೋ ಷರತ್ತು ಇರತ್ತಾ ಅಂತ ಹುಡುಕಿ, ಇದ್ರೆ ಮೊತ್ತ ನೋಡದೆ ಸಹಿ ಹಾಕ್ಬೇಡಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಅಲ್ಲಿ ರೋಗಿ ಪಕ್ಕದಲ್ಲಿ ಹಗಲೂ ರಾತ್ರಿ ಮನೆಯವರು ಕೂತಿರಲ್ಲ, ಮೈ ಒರೆಸೋದು, ಊಟ ಮಾಡಿಸೋದು, ಬಟ್ಟೆ ಬದಲಾಯಿಸೋದು ಎಲ್ಲಾ ನರ್ಸ್ ಕೆಲಸಾನೇ, ಸೀನಿಯರ್ ಆದ್ರೂ ಅಷ್ಟೇ. ಐಸಿಯುನಲ್ಲಿ ಇಂಜೆಕ್ಷನ್, ವೆಂಟಿಲೇಟರ್ ಅಂತ ನಾಲ್ಕು ವರ್ಷ ಮಾಡಿರೋ ನಿಮಗೆ ಮೊದಲ ತಿಂಗಳು ಇದು ಕೆಳಗೆ ಇಳಿದ ಹಾಗೆ ಅನ್ನಿಸ್ಬಹುದು. ಅಲ್ಲಿನವರು ಅದನ್ನ ಹಾಗೆ ನೋಡಲ್ಲ, ರೋಗಿಯ ಚರ್ಮ, ಉಸಿರಾಟ, ಮನಸ್ಸು ಹೇಗಿದೆ ಅಂತ ಸ್ನಾನ ಮಾಡಿಸುವಾಗಲೇ ಗೊತ್ತಾಗೋದು ಅಂತ ಕಲಿಸ್ತಾರೆ, ನನಗೂ ಅದು ಸರಿ ಅನ್ಸತ್ತೆ. ಅದು ಒಪ್ಪಿಗೆ ಆದ್ರೆ ಧೈರ್ಯವಾಗಿ ಹೋಗಿ, ಭಾಷೆಯಿಂದ ಶುರು ಮಾಡಿ.

ಪ್ರಶ್ನೆ: ಗಂಡನ ಜೊತೆ ಸ್ಟುಟ್‌ಗಾರ್ಟ್‌ಗೆ ಬಂದು ಆರು ತಿಂಗಳಾಯ್ತು. ಎಂ.ಕಾಂ ಓದಿ ಬ್ಯಾಂಕಲ್ಲಿ ಕೆಲಸದಲ್ಲಿದ್ದೆ, ಬಿಟ್ಟು ಬಂದೆ. ನವೆಂಬರ್‌ನಿಂದ ಸರಿಯಾಗಿ ಬಿಸಿಲೇ ಕಂಡಿಲ್ಲ. ಪಕ್ಕದ ಮನೆಯವರು ಹಲೋ ಬಿಟ್ರೆ ಮಾತಾಡಲ್ಲ, ಸುಮ್ಮನೆ ಅಳು ಬರತ್ತೆ. ಗಂಡನಿಗೆ ಹೇಳಿದ್ರೆ ಅಭ್ಯಾಸ ಆಗತ್ತೆ ಅಂತಾರೆ. ಅಮ್ಮನಿಗೆ ಚೆನ್ನಾಗಿದೀನಿ ಅಂತ ಸುಳ್ಳು ಹೇಳ್ತಾ ಇದೀನಿ.

ನಿಮ್ಮ ಪತ್ರ ನಾನು ಎರಡು ಸಲ ಓದಿದೆ. ನಿಮಗೆ ಆಗ್ತಿರೋದು ದೌರ್ಬಲ್ಯ ಅಲ್ಲಮ್ಮಾ. ಕೆಲಸ, ಸಂಬಳ, ಸ್ನೇಹಿತರು, ಭಾಷೆ, ಬಿಸಿಲು ಎಲ್ಲಾ ಒಂದೇ ಸಲ ಕೈಬಿಟ್ಟಿದೆ, ನಿಮ್ಮ ಗಂಡನಿಗೆ ಆಫೀಸ್ ಅಂತ ಒಂದು ಜಾಗ ಇದೆ, ನಿಮಗೆ ಅದೂ ಇಲ್ಲ. ವಿದೇಶಕ್ಕೆ ಹೋಗೋ ಗಂಡ ಹೆಂಡತಿಯಲ್ಲಿ ಕಷ್ಟ ಜಾಸ್ತಿ ಯಾರ ಪಾಲಿಗೆ ಬರತ್ತೆ ಅಂತ ಮೊದಲೇ ಕೂತು ಮಾತಾಡೋರು ಕಡಿಮೆ, ಅದು ನನಗೆ ತುಂಬಾ ಬೇಜಾರಿನ ವಿಷಯ.

ಮೊದಲು ಡಾಕ್ಟರ್. ನಿಮ್ಮ ಏರಿಯಾದಲ್ಲಿ ಹೌಸ್‌ಆರ್ಟ್ಸ್, ಅಂದ್ರೆ ಫ್ಯಾಮಿಲಿ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಳ್ಳಿ, ತುಂಬಾ ಜನ ಇಂಗ್ಲಿಷ್ ಮಾತಾಡ್ತಾರೆ, ವಿಮೆಯಲ್ಲೇ ಬರತ್ತೆ. ಎಷ್ಟು ದಿನದಿಂದ ಅಳು, ನಿದ್ದೆ ಹೇಗಿದೆ ಎಲ್ಲಾ ಹೇಳಿ, ವಿಟಮಿನ್ ಡಿ ಬಗ್ಗೆನೂ ಕೇಳಿ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗ್ತಾನೆ, ಚಳಿಗಾಲದ ಖಿನ್ನತೆ ಡಾಕ್ಟರಿಗೆ ಗೊತ್ತಿರೋ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಬದುಕೋದೇ ಬೇಡ ಅನ್ನೋ ಯೋಚನೆ ಬಂದ್ರೆ ಕಾಯ್ಬೇಡಿ, 112ಕ್ಕೆ ಫೋನ್ ಮಾಡಿ. ರಾತ್ರಿ ಅಥವಾ ರಜಾ ದಿನ ತುರ್ತು ಅಲ್ದೇ ಇದ್ರೂ ಡಾಕ್ಟರ್ ಬೇಕು ಅನ್ಸಿದ್ರೆ 116117.

ಎರಡನೇದು, ಮನೆಯಿಂದ ಹೊರಗೆ ಹೋಗ್ಲೇಬೇಕಾದ ಒಂದು ಕಾರಣ ಇಟ್ಕೊಳ್ಳಿ. ಆನ್‌ಲೈನ್ ಕ್ಲಾಸ್ ಬೇಡ, ಫೋಕ್ಸ್‌ಹೋಖ್‌ಶೂಲೆ ಅಂತ ಪ್ರತಿ ಊರಲ್ಲೂ ವಯಸ್ಕರ ಶಾಲೆ ಇರತ್ತೆ, ಕಡಿಮೆ ಫೀಸ್, ಅಲ್ಲಿ ಹೋಗಿ ಕೂತು ಜರ್ಮನ್ ಕಲೀರಿ. ಆ ಕ್ಲಾಸಲ್ಲಿರೋ ಟರ್ಕಿ, ಉಕ್ರೇನ್, ಬ್ರೆಜಿಲ್ ಹೆಂಗಸರೂ ನಿಮ್ಮ ಹಾಗೇ ಒಬ್ಬಂಟಿಯಾಗಿ ಬಂದಿರ್ತಾರೆ, ಮೊದಲ ಸ್ನೇಹ ಅಲ್ಲೇ ಆಗೋದು. ಜರ್ಮನ್ನರು ದಾರೀಲಿ ಸಿಕ್ಕವರ ಜೊತೆ ಸ್ನೇಹ ಬೆಳೆಸೋದು ಕಡಿಮೆ, ಆದ್ರೆ ಫೆರೈನ್ ಅಂತ ಸಂಘಗಳಿರ್ತಾವೆ, ಹಾಡು, ನಡಿಗೆ, ಬ್ಯಾಡ್ಮಿಂಟನ್, ತೋಟ ಅಂತ. ಅಲ್ಲಿ ಪ್ರತಿ ವಾರ ತಪ್ಪದೆ ಹೋದ್ರೆ ನಿಧಾನವಾಗಿ ಹತ್ರ ಆಗ್ತಾರೆ, ಆದ್ಮೇಲೆ ಬಿಡಲ್ಲ. ಕೆಲಸದ ವಿಷಯಕ್ಕೆ, ನಿಮ್ಮ ಎಂ.ಕಾಂಗೆ ಝಡ್‌ಎಬಿ ಅನ್ನೋ ಸರ್ಕಾರಿ ಕಚೇರಿಯಿಂದ ಡಿಗ್ರಿ ಹೋಲಿಕೆ ಪತ್ರ ತಗೊಳ್ಳಿ, ಅಕೌಂಟ್ಸ್ ಕೆಲಸಕ್ಕೆ ಜರ್ಮನ್ ಬೇಕೇ ಬೇಕು, ಬಿ1 ಆದ್ಮೇಲೆ ಅರ್ಜಿ ಹಾಕೋಕೆ ಶುರು ಮಾಡಿ.

ಅಮ್ಮನಿಗೆ ನಿಜ ಹೇಳಿ. ಗಂಡನಿಗೆ ಈ ಪುಟ ಹಾಗೇ ಕೊಡಿ. ಅವರಿಗೆ ನಾನು ಹೇಳೋದು ಇಷ್ಟೇ: ಅಭ್ಯಾಸ ಆಗತ್ತೆ ಅಂತ ಹೇಳಿ ಸುಮ್ಮನಾಗ್ಬೇಡಿ ಸ್ವಾಮಿ, ಡಾಕ್ಟರ್ ಹತ್ರ ಜೊತೆಗೆ ಹೋಗಿ, ಭಾನುವಾರ ಅಂಗಡಿಗಳೆಲ್ಲಾ ಮುಚ್ಚಿರತ್ತೆ, ಆ ಇಡೀ ದಿನ ಲ್ಯಾಪ್‌ಟಾಪ್ ಮುಚ್ಚಿಟ್ಟು ಅವರ ಜೊತೆ ಬೆಳಕಿರುವಾಗ ಹೊರಗೆ ನಡೀರಿ.

ಪ್ರಶ್ನೆ: ಭಾರತದ ಡ್ರೈವಿಂಗ್ ಲೈಸೆನ್ಸ್ ಜರ್ಮನಿಯಲ್ಲಿ ನಡಿಯತ್ತಾ?

ಅಲ್ಲಿ ವಾಸ ಶುರು ಮಾಡಿದ ದಿನದಿಂದ ಆರು ತಿಂಗಳು ನಡಿಯತ್ತೆ, ಜೊತೆಗೆ ಜರ್ಮನ್ ಅನುವಾದ ಅಥವಾ ಇಂಟರ್‌ನ್ಯಾಷನಲ್ ಪರ್ಮಿಟ್ ಇಟ್ಕೊಂಡಿರಿ. ಆಮೇಲೆ ಓಡಿಸಿದ್ರೆ ಲೈಸೆನ್ಸ್ ಇಲ್ದೇ ಓಡಿಸಿದ ಹಾಗೆ, ಅದು ಅಪರಾಧ. ಬದಲಾಯಿಸೋಕೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗ್ಬೇಕು, ಥಿಯರಿ ಇಂಗ್ಲಿಷ್‌ನಲ್ಲೂ ಬರೀಬಹುದು. ಕಣ್ಣಿನ ಟೆಸ್ಟ್, ಪ್ರಥಮ ಚಿಕಿತ್ಸೆ ಕೋರ್ಸ್ ಕೂಡ ಬೇಕು, ಅರ್ಜಿ ಮುಂದಕ್ಕೆ ಹೋಗೋಕೆ ತಿಂಗಳುಗಟ್ಟಲೆ ಆಗ್ಬಹುದು, ಅದಕ್ಕೆ ವಿಳಾಸ ನೋಂದಣಿ ಆದ ತಕ್ಷಣ ಹಾಕ್ಬಿಡಿ.